ಮಾವನವರ ಕಿರುಬೆರಳು ಮತ್ತು ನಮ್ಮನೆಯ ಬಾಟ್ಲಿ ತೆರಿಗೆ

ಕೂಲ್ ಡ್ರಿಂಕ್ಸಿನ ಮೇಲೆ ತೆರಿಗೆ ಜಾಸ್ತಿ ಮಾಡಿದರೆ ಜನ ಕುಡಿಯುವುದನ್ನು ಕಡಿಮೆ ಮಾಡುತ್ತಾರಂತೆ. ಇಂಥ ಮಾತು ಪೇಪರಿನಲ್ಲಿ ಕಂಡಾಗಲೆಲ್ಲ ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತುಹೋಗುತ್ತದೆ. ಬರೆಯುವವರೆಲ್ಲ ಒಂದನ್ನು ಖಚಿತ ಅಂದುಕೊಂಡಿರುತ್ತಾರೆ, ಕುಡಿಯುವವನೇ ದುಡ್ಡು ಕೊಡುತ್ತಾನೆ ಅಂತ. ನಮ್ಮ ದುರ್ಗದ ಕಡೆ ಯಾವ ಕಾಲಕ್ಕೆ ಹಾಗಿತ್ತು ಹೇಳಿ. ದುಡ್ಡು ಕೊಡುವವನು ಮನೆಯವನು, ಕುಡಿಯುವವನು ಬಂದವನು. ಇದನ್ನು ತಿಳಿಯಲು ನಾನು ಯಾವ ಪುಸ್ತಕವನ್ನೂ ತೆರೆಯಬೇಕಾಗಲಿಲ್ಲ. ನಮ್ಮನೆಯಲ್ಲೇ ಒಂದು ತೆರಿಗೆ ಹಾಕಿ ನೋಡಿದ್ದೇವೆ, ಸಾಕಾಗಿದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾಡದಕೆರೆಯಲ್ಲಿದ್ದ ಮಾವನವರನ್ನು ಚಿತ್ರದುರ್ಗದ ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೆವು. ಚಪ್ಪಲಿ ಉಜ್ಜಿ ಅವರ ಬಲಗಾಲಿನ ಕಿರುಬೆರಳಿಗೆ ಗಾಯವಾಗಿತ್ತು, ತಿಂಗಳುಗಳಾದರೂ ವಾಸಿಯಾಗಿರಲಿಲ್ಲ. ಡಾಕ್ಟರು ಬೆರಳಿನ ಸುತ್ತ ಕಪ್ಪಗಾಗಿದ್ದ ಚರ್ಮವನ್ನು ಒತ್ತಿ ನೋಡಿದರು. ಮಾವನವರಿಗೆ ನೋವೇ ಗೊತ್ತಾಗಲಿಲ್ಲ, ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಡಾಕ್ಟರ ಮುಖ ಗಂಭೀರವಾಗಿದ್ದೇ ಆಗ. "ಸಕ್ಕರೆ ಹತೋಟಿಗೆ ಬಂದರೆ ಬೆರಳು ಉಳಿಯುತ್ತೆ. ಇಲ್ಲದಿದ್ದರೆ ತೆಗೀಬೇಕಾಗುತ್ತೆ" ಅಂದರು.

ಮಾವನವರು ಹಟಮಾರಿ ಅಲ್ಲ. ಮಾರನೆಯ ದಿನದಿಂದಲೇ ಚಹಕ್ಕೆ ಸಕ್ಕರೆ ಬೇಡ ಅಂದರು. ಯುಗಾದಿಗೆ ಮಾಡಿದ ಹೋಳಿಗೆಯನ್ನು ಮುರಿದು, ಮೂಗಿನ ಹತ್ತಿರ ಹಿಡಿದು, ಮೊಮ್ಮಗಳ ತಟ್ಟೆಗೆ ಹಾಕಿದರು. ಆದರೆ ಬಾಟ್ಲಿಯಲ್ಲಿ ಬರುವ ಆ ಕಪ್ಪು ನೀರು ಮಾತ್ರ ಅವರ ಪಾಲಿಗೆ ಸಿಹಿಯ ಜಾತಿಗೇ ಸೇರಿರಲಿಲ್ಲ.

"ಅದರಲ್ಲಿ ಸಿಹಿ ಎಲ್ಲೈತಮ್ಮ? ಗಂಟಲು ಕಡೀತೈತೆ. ಗ್ಯಾಸು ಅದು. ಕುಡಿದ ಮೇಲೆ ತೇಗು ಬರ್ತೈತೆ, ಹೊಟ್ಟೆ ಹಗುರಾಗ್ತೈತೆ" ಅನ್ನುತ್ತಿದ್ದರು.

"ಮಾವ, ಅದರಲ್ಲಿ ಚಮಚಗಟ್ಟಲೆ ಸಕ್ಕರೆ ಕರಗಿಸಿರ್ತಾರೆ."

"ಕರಗಿದ ಮೇಲೆ ಇನ್ನೇನೈತೆ ಬಿಡು."

ಮಾವ ಒಬ್ಬರೇ ಅಲ್ಲ, ಆಗ ನಮ್ಮ ಕಡೆ ಹಿರಿಯರೆಲ್ಲ ಹೀಗೇ ನಂಬಿದ್ದರು. ಸಿಹಿ ಅಂದರೆ ಎಲೆಯ ಮೇಲೆ ಬಡಿಸುವುದು. ಗಾಜಿನ ಬಾಟ್ಲಿಯದು ಅರ್ಧ ಔಷಧಿ, ಅರ್ಧ ಮರ್ಯಾದೆ.

ಮರ್ಯಾದೆಯ ವಿಷಯಕ್ಕೆ ಬರುತ್ತೇನೆ, ನನ್ನ ತಲೆನೋವು ಇದ್ದದ್ದೇ ಅಲ್ಲಿ. ಮೊದಲು ಮನೆಗೆ ಬಂದವರಿಗೆ ನೀರು, ಬೆಲ್ಲ, ಆಮೇಲೆ ಚಹ ಕೊಡುತ್ತಿದ್ದರಂತೆ. ನಾನು ಸಂಸಾರ ಹೂಡುವ ಹೊತ್ತಿಗೆ ಬಂದವರು ಸ್ವಲ್ಪ ಬೇಕಾದವರಾದರೆ ಎದುರಿನ ಅಂಗಡಿಯಿಂದ ಬಾಟ್ಲಿ ತರಿಸಲೇಬೇಕು ಅನ್ನುವಂತಾಗಿತ್ತು. ಅದಕ್ಕೊಂದು ಪದ್ಧತಿಯೂ ಇತ್ತು. ಅಂಗಡಿಯವನು ಮುಚ್ಚಳವನ್ನು ಅಲ್ಲೇ ಟಪ್ಪನೆ ತೆಗೆದು, ಸ್ಟ್ರಾ ಹಾಕಿ ಕೊಡುತ್ತಿದ್ದ. ಮುಚ್ಚಳ ತೆಗೆದದ್ದನ್ನು ವಾಪಸ್ಸು ಒಯ್ಯುವ ಹಾಗಿಲ್ಲ. ಹಾಗಾಗಿ ಬಂದವರು "ಬೇಡ" ಅಂದರೂ ಬಾಟ್ಲಿ ಅವರ ಕೈ ಸೇರುವುದು ಖಂಡಿತ. ಬಂದವರ ಜೊತೆ ಮನೆಯ ಹಿರಿಯರೂ ಒಂದು ಹಿಡಿದು ಕೂರಬೇಕು. ಅವರು ಕುಡಿಯದೆ ಸುಮ್ಮನೆ ಕೂತರೆ ಬಂದವರ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬೇಡವಾದದ್ದನ್ನು ಒಂದೇ ಸಲ, ನಗುಮುಖದಿಂದ, ಥ್ಯಾಂಕ್ಸ್ ಸೇರಿಸಿ ಬೇಡ ಅನ್ನಲು ಕಲಿಸಿದ್ದರು. ಇಲ್ಲಿ ಮೊದಲ ಬೇಡವನ್ನು ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ, ಎರಡನೆಯದನ್ನು ನಾಚಿಕೆ ಅಂದುಕೊಳ್ಳುತ್ತಾರೆ. ಮೂರನೆಯ ಸಲಕ್ಕೆ ಮುಖ ಊದಿಸಿಕೊಳ್ಳುತ್ತಾರೆ.

ಮಾವನವರಿಗೆ ಕಾಲು ಹುಷಾರಿಲ್ಲ ಅಂತ ಸುದ್ದಿ ಹೋದ ಮೇಲಂತೂ ನೋಡಲು ಬರುವವರು ದಿನಾ ಇದ್ದೇ ಇರುತ್ತಿದ್ದರು. ಬೆರಳು ನೋಡಿ ಲೊಚಗುಟ್ಟುತ್ತಿದ್ದರು. ನೋಡಿದವರಿಗೆ ಬಾಟ್ಲಿ, ಅವರಿಗೆ ಜೊತೆ ಕೊಡಲು ಮಾವನವರಿಗೂ ಬಾಟ್ಲಿ. ಬೆರಳು ಕಪ್ಪಾದಷ್ಟೂ ನೆಂಟರು ಹೆಚ್ಚು, ನೆಂಟರು ಹೆಚ್ಚಿದಷ್ಟೂ ಬೆರಳು ಕಪ್ಪು. ಇದನ್ನು ನಾನು ಯಾರಿಗೆ ಹೇಳಲಿ?

ನಮ್ಮನೆಯವರಿಗೆ ಹೇಳಿದೆ. ಅವರು ಸೇಲ್ಸ್ ಟ್ಯಾಕ್ಸ್ ಆಫೀಸಿನಲ್ಲಿ ಗುಮಾಸ್ತರು. ಎಲ್ಲ ಕಾಯಿಲೆಗೂ ಅವರ ಹತ್ತಿರ ಒಂದೇ ಮದ್ದು. "ಟ್ಯಾಕ್ಸ್ ಹಾಕಾಣ" ಅಂದರು. "ಭಾಷಣ ಮಾಡಿದ್ರೆ ಯಾರೂ ಬಿಡಲ್ಲ ಕಣೇ. ಮೈಗೆ ಬಿಸಿ ತಾಗಬೇಕು."

ದುಡ್ಡಿನ ತೆರಿಗೆ ಬೇಡ, ಅದನ್ನು ಕೊಡುವವರೂ ನಮ್ಮನೆಯವರೇ ಇಸಕೊಳ್ಳುವವರೂ ಅವರೇ ಆಗುತ್ತಾರೆ ಅಂತ ನಾನೇ ನೀರಿನ ತೆರಿಗೆ ಮಾಡಿದೆ. ಆಗ ನಮ್ಮ ಬಡಾವಣೆಗೆ ನಲ್ಲಿ ನೀರು ಬಂದರೆ ಹಬ್ಬ. ಬೀದಿ ಕೊನೆಯ ಬೋರಿಂಗಿನಲ್ಲಿ ಕೈಯಿಂದ ಒತ್ತಿ ಒತ್ತಿ ತುಂಬಿಸಿಕೊಂಡು ಬರಬೇಕಿತ್ತು. ಮನೆಯಲ್ಲಿ ಯಾರು ಬಾಟ್ಲಿ ಕುಡಿದರೂ ಅವರು ಎರಡು ಕೊಡ ನೀರು ತರಬೇಕು. ಬಂದ ನೆಂಟರ ಕೈಲಿ ಹೊರಿಸಲು ಆಗುತ್ತದೆಯೇ, ಅದಕ್ಕೆ ಅವರಿಗೆ ವಿನಾಯಿತಿ. ಮಾವನವರಿಗೆ ಕಾಲು ಆಗದು, ಅವರ ಪಾಲಿನದನ್ನು ಮಗ ಹೊರಬೇಕು. ಮಗ ಹೊರುವುದನ್ನು ನೋಡಿ ಅಪ್ಪನ ಮನಸ್ಸು ಕರಗುತ್ತದೆ ಅಂತ ನನ್ನ ಎಣಿಕೆ.

ಹೈಸ್ಕೂಲಿನಲ್ಲಿದ್ದ ಮಗಳು ಒಂದೇ ವಾರಕ್ಕೆ ಬಾಟ್ಲಿ ಬಿಟ್ಟಳು. ಗೆಳತಿಯರ ಮುಂದೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬರುವುದು ಅವಳಿಗೆ ಅವಮಾನ. ನಮ್ಮನೆಯವರು "ನೋಡಿದ್ಯಾ" ಅಂತ ಮೀಸೆ ತಿರುವಿದರು. ಸರಿ, ಅವಳು ಬಿಟ್ಟಳು, ಒಪ್ಪಿದೆ. ಆದರೆ ಅವಳಿಗೇನು ಸಕ್ಕರೆ ಕಾಯಿಲೆ ಇತ್ತೇ?

ಅಪ್ಪನ ಪಾಲಿನ ನೀರನ್ನು ಮಗರಾಯರು ಎರಡು ದಿನ ಹೊತ್ತರು. ಆಮೇಲೆ ಬೆನ್ನು ಹಿಡಿಯಿತು. ಆಫೀಸಿಗೆ ಹೋಗುವ ಮುಂಚೆ, ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸಿನ ಕೈಗೆ ಚಿಲ್ಲರೆ ಇಟ್ಟು, "ಹಂಗೇ ಎರಡು ಕೊಡ ತಂದಾಕಿಬಿಡಮ್ಮ" ಅನ್ನತೊಡಗಿದರು. ಆಕೆ ಜನ್ಮದಲ್ಲಿ ಒಂದು ಬಾಟ್ಲಿಯನ್ನು ಪೂರ್ತಿ ಕುಡಿದಿದ್ದಳೋ ಇಲ್ಲವೋ. ಒಂದು ದಿನ ಕೊಡವನ್ನು ಧಡ್ ಅಂತ ಬಚ್ಚಲಲ್ಲಿ ಇಟ್ಟು ಹೇಳಿದಳು, "ಅಕ್ಕಾರೆ, ಕುಡಿಯೋರು ನಿಮ್ಮ ಮಾವ. ತೇಗೋರು ಅವರು. ನನ್ನ ಸೊಂಟ ಯಾಕ್ರೀ ಬೀಳಬೇಕು?"

ಯಾವ ಮನೆಯಲ್ಲಾದರೂ ಯಾವ ದೇಶದಲ್ಲಾದರೂ ತೆರಿಗೆ ಹಾಕುವವರಿಗೆ ಈ ಪ್ರಶ್ನೆಯನ್ನು ಕೇಳಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ. ಭಾರ ಕೆಳಗೆ ಜಾರುತ್ತಾ ಜಾರುತ್ತಾ ಯಾರ ಸೊಂಟದ ಮೇಲೆ ನಿಲ್ಲುತ್ತದೆ?

ಮಾವನವರು ಇನ್ನೂ ಜಾಣರು. ನೆಂಟರಿಗೆ ವಿನಾಯಿತಿ ಇದೆ ಅಂತ ತಿಳಿದದ್ದೇ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡರು. ದಾರಿಯಲ್ಲಿ ಹೋಗುವ ಅರೆಪರಿಚಯದವರನ್ನೂ, "ಬರ್ರಿ ಬರ್ರಿ, ಕುಂತ್ಕಳ್ರಿ. ಬಿಸಿಲಿನಾಗೆ ಎಲ್ಲಿಗೆ ಹೊಂಟಿದ್ರಿ" ಅಂತ ಕರೆಯತೊಡಗಿದರು. ಒಂದು ಬಾಟ್ಲಿ ತರಿಸಿ ಎರಡು ಲೋಟಕ್ಕೆ ಹಾಕಿಸುತ್ತಿದ್ದರು. ನಾನು ಬಾಗಿಲಿಗೆ ಬಂದು ನಿಂತರೆ, "ಇದು ಅವರ ಬಾಟ್ಲಿ ಕಣಮ್ಮ. ನಂದು ಬರೀ ಗುಟುಕು" ಅನ್ನುತ್ತಿದ್ದರು. ಮಗನ ಆಫೀಸಿನಲ್ಲಿ ಕೂತಿದ್ದರೆ ಎಷ್ಟು ವ್ಯಾಪಾರಿಗಳಿಗೆ ತೆರಿಗೆ ತಪ್ಪಿಸುವ ದಾರಿ ಹೇಳಿಕೊಡುತ್ತಿದ್ದರೋ.

ಅಷ್ಟರಲ್ಲಿ ಬಾಟ್ಲಿಯ ರೇಟೇ ಏರಿತು. ಅಂಗಡಿಯವನು ಮುಖ ಸಣ್ಣ ಮಾಡಿಕೊಂಡು ಹೇಳಿದಾಗ ನನಗೆ ಒಳಗೊಳಗೇ ಖುಷಿ. ಇನ್ನಾದರೂ ಮಾವನವರು ಹಿಂದೆ ಮುಂದೆ ನೋಡುತ್ತಾರೆ ಅಂದುಕೊಂಡೆ. ಅದೇ ವಾರ ಐಮಂಗಲದಿಂದ ಅವರ ಹಳೆಯ ಗೆಳೆಯರೊಬ್ಬರು ಬಂದರು. ನಾನು ಮುಂದಾಗಿ ಕರಿಬೇವು ಹಾಕಿದ ಮಜ್ಜಿಗೆ ತಂದಿಟ್ಟೆ. ಮಾವ ಅದನ್ನು ಪಕ್ಕಕ್ಕೆ ಸರಿಸಿ, ಮೊಮ್ಮಗಳನ್ನು ಅಂಗಡಿಗೆ ಓಡಿಸಿದರು.

"ಯಾಕಪ್ಪ, ಮಜ್ಜಿಗೆ ಸಾಕಾಗಿತ್ತು" ಅಂದರು ಗೆಳೆಯರು.

"ಮಜ್ಜಿಗೆ ಹೊಲದಾಗೂ ಕುಡೀತೀಯ. ಇದರ ರೇಟು ಈಗ ಏರೈತೆ ಗೊತ್ತಾ? ಆದ್ರೂ ನಿನಗೆ ಅಂತ ತರಿಸಿದೀನಿ. ಕುಡಿ."

ಗೆಳೆಯರು ಬಾಟ್ಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಖ ಅರಳಿಹೋಗಿತ್ತು. ರೇಟು ಏರಿದಷ್ಟೂ ಮರ್ಯಾದೆಯ ತೂಕ ಏರುತ್ತದೆ, ಅಷ್ಟೇ. ತೆರಿಗೆ ಬೇಡ ಅನ್ನುವವಳು ನಾನಲ್ಲ. ಆದರೆ ಮರ್ಯಾದೆಗೆ ಅಂತ ಕೊಳ್ಳುವ ವಸ್ತುವನ್ನು ದುಬಾರಿ ಮಾಡಿದರೆ ಜನ ಅದನ್ನು ಬಿಡುತ್ತಾರೆ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಬಂಗಾರ ಬಿಟ್ಟಿದ್ದಾರೆಯೇ?

ಹಿರಿಯೂರಿನಲ್ಲಿ, ಗಂಡಿನವರ ಮನೆಯಲ್ಲಿ, ನಾದಿನಿಯ ಮಗಳ ನಿಶ್ಚಿತಾರ್ಥ ಬಂತು. ಮಾವನವರು ಬ್ಯಾಂಡೇಜು ಕಾಣದ ಹಾಗೆ ಪಂಚೆ ಇಳಿಬಿಟ್ಟು ಹುಡುಗಿಯ ಅಜ್ಜನ ಸ್ಥಾನದಲ್ಲಿ ಕೂತಿದ್ದರು. ಊಟವಾದ ಮೇಲೆ ಬೀಗರ ಕಡೆಯವರು ಟ್ರೇ ಹಿಡಿದು ಬಂದು, ಮೊದಲ ಬಾಟ್ಲಿಯನ್ನು ಅವರಿಗೇ ಕೊಟ್ಟರು. ಹಿಂದಿನ ದಿನವಷ್ಟೇ ಡಾಕ್ಟರು ಪಕ್ಕದ ಬೆರಳೂ ಬಣ್ಣ ತಿರುಗುತ್ತಿದೆ ಅಂದಿದ್ದರು. ನಾನು ಹೆಂಗಸರ ಸಾಲಿನಿಂದ ಎದ್ದೆ. ಜಮಖಾನದ ಅಂಚು ಕಾಲಿಗೆ ತೊಡರಿದ್ದು, ಬೀಗಿತ್ತಿಯ ಮೂಗುತಿ ಬೆಳಕಿಗೆ ಮಿನುಗಿದ್ದು ಎಲ್ಲ ನೆನಪಿದೆ. ಮಾವನವರ ಮುಂದೆ ನಿಂತು, "ಮಾವ, ಬೇಡ" ಅಂದು, ಬೀಗರ ಕಡೆ ತಿರುಗಿ, "ಇವರಿಗೆ ಸಕ್ಕರೆ ಕಾಯಿಲೆ ಇದೆ, ಕಾಲು ಹೋಗ್ತಿದೆ" ಅಂತ ಎಲ್ಲರಿಗೂ ಕೇಳುವಂತೆ ಹೇಳಿ ಬಾಟ್ಲಿಗೆ ಕೈ ಚಾಚಿದೆ.

ಮಾವನವರು ನನ್ನ ಮುಖ ನೋಡಲಿಲ್ಲ. ಸ್ಟ್ರಾ ತೆಗೆದು ಪಕ್ಕಕ್ಕಿಟ್ಟರು. ಬಾಟ್ಲಿ ಎತ್ತಿ, ತಳ ಕಾಣುವವರೆಗೆ ಗಟಗಟ ಕುಡಿದರು. ಬೀಗರಿಗೆ ಕೈ ಮುಗಿದು, "ನಮ್ಮ ಸೊಸೆ ಸಣ್ಣದಕ್ಕೆಲ್ಲ ಗಾಬರಿಯಾಗ್ತಾಳೆ" ಅಂದರು.

ವಾಪಸ್ಸು ಬರುವ ಬಸ್ಸು ಹಿರಿಯೂರು ದಾಟಿತು. ಮಾವನವರು ನನ್ನ ಕಡೆ ತಿರುಗಿ, "ಹುಡುಗೀನ ಕೊಡೋ ಮನೆ ಕಣಮ್ಮ ಅದು. ಅವರು ಕೊಟ್ಟಿದ್ದನ್ನ ಅಜ್ಜ ಆದೋನು ಬೇಡ ಅಂದ್ರೆ ಏನಂದ್ಕಂತಾರೆ" ಅಂದರು.

"ನಿಮ್ಮ ಬೆರಳು ಏನಂದ್ಕೊಳ್ಳುತ್ತೆ ಅಂತ ಯೋಚನೆ ಮಾಡಿದ್ರಾ?" ಅಂದೆ.

ಕಿರುಬೆರಳನ್ನು ಮುಂದಿನ ತಿಂಗಳು ತೆಗೆದರು. ಒಂದು ಬಾಟ್ಲಿಯಿಂದ ಹೋಯಿತು ಅಂತ ನಾನು ಹೇಳುವುದಿಲ್ಲ, ವರ್ಷಗಳಿಂದ ಕೂಡಿ ಬಂದದ್ದು ಅದು. ಪಕ್ಕದ್ದನ್ನು ಉಳಿಸಲು ನೋಡೋಣ ಅಂದರು ಡಾಕ್ಟರು. ಆ ಎರಡನೆಯ ಬೆರಳಿನ ಮೇಲೆ ನಮ್ಮೆಲ್ಲರ ಜೀವ ನಿಂತಿತು. ಅದು ಹೋದರೆ ಪಾದ, ಪಾದದ ನಂತರ ಏನು ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಐಮಂಗಲದ ಅದೇ ಗೆಳೆಯರು ಮತ್ತೆ ನೋಡಲು ಬಂದರು. ಆಗಷ್ಟೇ ಪೇಟೆಗೆ ಬಂದಿದ್ದ ದೊಡ್ಡ ಪ್ಲಾಸ್ಟಿಕ್ ಬಾಟ್ಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಈ ಸಲ ಏನಾದರೂ ಅಂದೇಬಿಡಬೇಕು ಅಂತ ಹೆಜ್ಜೆ ಎತ್ತುವುದರೊಳಗೆ ಹೊರಗಿಂದ ಮಾವನವರ ದನಿ ಕೇಳಿತು.

"ಬೇಡ ಮಾರಾಯ. ನೀನು ತಂದಿದೀಯ, ನನಗೂ ಆಸೆ ಐತೆ. ಆದ್ರೆ ನಮ್ಮ ಸೊಸೆ ಬಿಡಲ್ಲ. ಬಲು ಗಟ್ಟಿ ಹೆಣ್ಣು. ಬೀಗರ ಮುಂದೇನೇ ಬಾಟ್ಲಿ ಕಿತ್ಕಳಕ್ಕೆ ಬಂದೋಳು ಅವಳು."

"ಹಂಗಾ?" ಅಂದರು ಗೆಳೆಯರು, ದನಿ ತಗ್ಗಿಸಿ.

"ಬಂದೋರಿಗೂ ಕೊಡಕ್ಕೆ ಬಿಡಲ್ಲ. ಮಜ್ಜಿಗೆ ಬಿಟ್ರೆ ಬೇರೆ ಕೇಳಬ್ಯಾಡ ಈ ಮನೆಯಾಗೆ."

ಅಂದಿನಿಂದ ಮಾವನವರು ಬಂದವರಿಗೆಲ್ಲ ಇದನ್ನೇ ಹೇಳತೊಡಗಿದರು. ಹೇಳಹೇಳುತ್ತಾ ನನ್ನನ್ನು ಬೆಳೆಸಿದರು. ನಾನು ಬೀರುವಿನಲ್ಲಿ ಸಕ್ಕರೆ ಬೀಗ ಹಾಕಿ ಇಡುತ್ತೇನಂತೆ, ಅಂಗಡಿಯವನಿಗೆ ಬೈದು ಬಂದಿದ್ದೇನಂತೆ. ಎರಡೂ ಸುಳ್ಳು. ಬಂದವರು ಮಜ್ಜಿಗೆ ಕುಡಿದು, ನನ್ನ ಕಡೆ ಒಂದು ಥರಾ ನೋಡಿ, ಮಾವನವರ ಕಡೆ ಕರುಣೆಯಿಂದ ನೋಡಿ ಹೋಗುತ್ತಿದ್ದರು. ಯಾರಿಗೂ ಅವಮಾನವಾಗಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಅಷ್ಟು ತೆರಿಗೆ, ಅಷ್ಟು ನೀರು, ಅಷ್ಟು ರೇಟು ಏರಿ ಆಗದ್ದು ಇದರಿಂದ ಆಯಿತು. ಸಕ್ಕರೆ ಇಳಿಯಿತು.

ಒಂದೆರಡು ವರ್ಷದ ಮೇಲೆ ಹೊಳಲ್ಕೆರೆಯ ಮದುವೆಯೊಂದರಲ್ಲಿ ನನ್ನ ಹಿಂದಿನ ಸಾಲಿನ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು, "ಅಲ್ಲಿ ಕೂತವ್ಳಲ್ಲ, ಬಲು ಜುಗ್ಗಿಯಂತೆ. ಹುಷಾರಿಲ್ಲದ ಮುದುಕಂಗೆ ಒಂದು ಬಾಟ್ಲಿ ಕುಡಿಸಲ್ವಂತೆ. ಕಾನ್ವೆಂಟಿನಾಗೆ ಓದಿದೋಳಂತೆ ಬೇರೆ."

ಮನೆಗೆ ಬಂದು ಮಾವನವರ ಮುಂದೆ ಕುಕ್ಕರಿಸಿದೆ. "ಕುಡಿಯೋದು ಬಿಟ್ಟಿದ್ದು ನೀವು. ಬೇಡ ಅನ್ನೋರು ನೀವು. ನನ್ನ ಹೆಸರು ಯಾಕೆ ಹೊಳಲ್ಕೆರೆವರೆಗೂ ಹಾಳು ಮಾಡಿದ್ರಿ ಮಾವ?"

ಅವರು ನಿಧಾನವಾಗಿ ಹೇಳಿದರು, "ನಾನು ಬೇಡ ಅಂದ್ರೆ ಅವರು ಕೊಟ್ಟಿದ್ದಕ್ಕೆ ಬೆಲೆ ಇಲ್ಲ ಅಂದಂಗಾಗ್ತೈತೆ. ನೀನು ಬೇಡ ಅಂದ್ರೆ ನೀನು ಕೆಟ್ಟೋಳು, ಅಷ್ಟೇ. ಯಾರಾದ್ರೂ ಒಬ್ಬರು ಆಗಲೇಬೇಕಲ್ಲಮ್ಮ."

"ನಿಮ್ಮ ಮಗ ಆಗಬಹುದಿತ್ತಲ್ಲ."

"ಅವನ ಮಾತು ಯಾರು ನಂಬ್ತಾರೆ?"

ಡಾಕ್ಟರು ಹೇಳಿದಂತೆ ದಿನಾ ಸಂಜೆ ಅವರ ಪಾದ ನೋಡುವುದು ನನ್ನ ಕೆಲಸವಾಗಿತ್ತು. ಕನ್ನಡಕ ಹಾಕಿಕೊಂಡು, ಅವರ ಬಲಗಾಲನ್ನು ಮಣೆಯ ಮೇಲೆ ಇಡಿಸಿಕೊಂಡು, ಉಳಿದ ನಾಲ್ಕು ಬೆರಳುಗಳ ಸಂದಿಯನ್ನು ಒಂದೊಂದಾಗಿ ಒರೆಸಿದೆ. ಎಲ್ಲ ಬೆಚ್ಚಗೆ, ಸಹಜ ಬಣ್ಣದಲ್ಲೇ ಇದ್ದವು. ಸಿಟ್ಟು ಇಳಿದಿರಲಿಲ್ಲ, ಸ್ವಲ್ಪ ಜೋರಾಗಿಯೇ ಒರೆಸಿದೆನೇನೋ. "ನೋಯ್ತೈತೆ ಕಣಮ್ಮ" ಅಂದರು ಮಾವ. ನೋವು ಗೊತ್ತಾಗುತ್ತಿದೆಯಲ್ಲ ಅಂತ ಇನ್ನೊಂದು ಸಲ ಒತ್ತಿ ನೋಡಿದೆ.