ಬರೀ ಆಡು

ಆನೆಮಲೆಯ ಹಳೆಯ ಪ್ರಾಣಿಗಣತಿಯ ಜಾಗಗಳಿಗೆ ಮತ್ತೆ ಹೋದ ನಮಗೆ ದಾರಿ ತೋರಿಸಿದವರು, ಹಿಂದಿನ ಗಣತಿಗೂ ದಾರಿ ತೋರಿಸಿದ್ದ, ಮನೆಯಲ್ಲಿ ಕನ್ನಡವಾಡುವ ಉಡುಮಲೆಯ ಒಬ್ಬ ಮುದುಕರು. ಏನು ಕೇಳಿದರೂ ತಲೆಯ ಟವೆಲ್ ಬಿಚ್ಚಿ ಕೊಡವಿ, "ಇರು ಕಣ್ಣು, ನೆನಸ್ಕತೀನಿ" ಎನ್ನುತ್ತಿದ್ದರು; 'ಕಣ್ಣು' ಅವರ ಕಡೆಯ ಮುದ್ದಿನ ಕರೆ.

ಒಂದು ಬಂಡೆಯ ಜಾಗಕ್ಕೆ ಹಳೆಯ ಪಟ್ಟಿಯಲ್ಲಿ 'ಆಡು' ಎಂದಷ್ಟೇ ಇತ್ತು. ಬಂಡೆ ಹತ್ತುವ ವರೆಯಾಡು, ಅಂದರೆ ನೀಲಗಿರಿ ತಾರ್, ಈಗ ಅಲ್ಲಿ ಒಂದೂ ಇರಲಿಲ್ಲ. ಪೊದೆಯೊಳಗೆ ಬೊಗಳುವ ಕೇಳೆಯಾಡು, ನಮ್ಮ ಕಾಡುಕುರಿ, ಇತ್ತು. ಹಿಂದೆ ಬರೆದದ್ದು ಯಾವ ಆಡು ಎಂದು ತಿಳಿಯದೆ, ವರೆಯಾಡು ಅಲ್ಲಿಂದ ಅಳಿದಿದೆಯೇ ಎಂದು ಹೇಳುವಂತಿರಲಿಲ್ಲ.

"ತಾತಾ, ಅವತ್ತು ನೀವು ಹೇಳಿದ್ದು ಯಾವ ಆಡು?"

ಟವೆಲ್ ಕೊಡವಿದರು. "ನಮ್ಮನೇಲಿ ಎರಡಕ್ಕೂ ಆಡು ಅಂತೀವಿ, ಕಣ್ಣು. ಯಾವ್ದು ಅಂತ ಅವತ್ತು ಬರ್ಕೊಂಡೋರು ಕೇಳ್ಳಿಲ್ಲ."

ನಾವು ಊರಿಗೆ ಮರಳಿದ ಮೇಲೆ, ಸೋಮವಾರ ಅವರ ಫೋನ್ ಬಂತು: "ವರೆಯಾಡೇ." ಬುಧವಾರ ಮತ್ತೆ: "ಇಲ್ಲ, ಕೇಳೆಯಾಡು. ಇರು, ನೆನಸ್ಕತೀನಿ."

ಮತ್ತೆ ಫೋನ್ ಬರಲಿಲ್ಲ. ನಮ್ಮ ಹೊಸ ಪಟ್ಟಿಯಲ್ಲಿ, 'ಹಿಂದೆ ಇದ್ದದ್ದು' ಎಂಬಲ್ಲಿ, ಆ ಬಂಡೆಯ ಸಾಲು ಇನ್ನೂ ಖಾಲಿ ಇದೆ.