ಹನ್ನೊಂದನೇ ನಿಮಿಷದ ಎಳನೀರು

ಆ ಕಂತಿನ ಹನ್ನೊಂದನೇ ನಿಮಿಷದಲ್ಲಿ ಪಕ್ಕದ ಮನೆಯ ಹೆಂಗಸು ಹಸಿದ ಹುಡುಗನ ಕೈಗೆ ಒಂದು ಎಳನೀರು ಕೊಡುತ್ತಾಳೆ. ಹುಡುಗ ಹೊಸಿಲಿನ ಹೊರಗೇ ನಿಂತು ಕುಡಿಯುತ್ತಾನೆ. ಹತ್ತು ಸೆಕೆಂಡೂ ಇರದ ದೃಶ್ಯ. ಅದರ ಬಗ್ಗೆ ನಾನು ನಾಲ್ಕು ಸಾಲುಗಳ ಟಿಪ್ಪಣಿ ಬರೆದೆ. ಬರೆದ ಮೂವತ್ತೊಂದು ಟಿಪ್ಪಣಿಗಳ ಪೈಕಿ ನಾನು ಎಳ್ಳಷ್ಟೂ ಅನುಮಾನವಿಲ್ಲದೆ ಬರೆದದ್ದು ಅದೊಂದನ್ನೇ.

ಕೆಲಸ ಹೀಗಿತ್ತು. ಬೆಂಗಳೂರಿನ ಒಂದು ಸಂಸ್ಥೆಯವರು ಹೊರದೇಶದ ಕಾರ್ಟೂನ್ ಹಾಸ್ಯ ಸರಣಿಯೊಂದಕ್ಕೆ ಪರದೆಯ ಕೆಳಗೆ ಕನ್ನಡದ ಅಡಿಬರಹ ಹಾಕಿಸುತ್ತಿದ್ದರು. ಅಡಿಬರಹ ಬರೆಯುವವರು ಬೇರೆ ಇದ್ದರು. ಅವರಿಗೆ ನೆರವಾಗುವಂತೆ, ಕಂತಿನ ಮೂಲೆಮೂಲೆಯಲ್ಲಿ ಅಡಗಿರುವ ಸೂಚನೆಗಳನ್ನು ಹುಡುಕಿ ವಿವರಿಸುವವರು ಬೇಕಾಗಿದ್ದರು. ಗೋಡೆಯ ಮೇಲಿನ ಪಟ, ಅಂಗಡಿಯ ಬೋರ್ಡು, ಹಿಂದೆ ಹಾದುಹೋಗುವ ದಾರಿಹೋಕ, ಇವು ಯಾರನ್ನು ಅಥವಾ ಯಾವುದನ್ನು ನೆನಪಿಸುತ್ತವೆ ಎಂದು ನಿಮಿಷದ ಸಮೇತ ಬರೆಯಬೇಕು. ಪರೀಕ್ಷೆಗೆಂದು ನನಗೆ ಒಂದೇ ಒಂದು ಕಂತನ್ನು ಕಳಿಸಿದರು. ಟಿಪ್ಪಣಿಗಳು ಒಪ್ಪಿಗೆಯಾದರೆ ಇಡೀ ಸರಣಿಯ ಕೆಲಸ ನನ್ನದು. ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಡಿಗ್ರಿ ಮುಗಿದು ಎರಡು ವರ್ಷವಾಗಿತ್ತು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಆಚೆಗಿರುವ ನಮ್ಮ ಊರಿನಲ್ಲಿ ಯಾರಾದರೂ ಎದುರಾದಾಗ “ಈಗೇನ್ ಮಾಡ್ತಿದೀಯವ್ವ?” ಎಂದು ಕೇಳಿದರೆ, ಹೇಳಲು ಒಂದು ಪೂರ್ಣವಾಕ್ಯ ನನ್ನಲ್ಲಿರಲಿಲ್ಲ. ಈ ಕೆಲಸ ಸಿಕ್ಕರೆ ಆ ವಾಕ್ಯ ಸಿಗುತ್ತಿತ್ತು.

ಕಂತಿನ ಕಥೆ ಸರಳವಾಗಿದೆ. ಹತ್ತು ವರ್ಷದ ಹುಡುಗನೊಬ್ಬ ಶಾಲೆಯಲ್ಲಿ ಬಾತುಮರಿಯೊಂದನ್ನು ಸಾಕುತ್ತಾನೆ. ಅಂದೇ ಮನೆಯಲ್ಲಿ ಊಟದ ಮೇಜಿಗೆ ಹುರಿದ ಬಾತು ಬರುತ್ತದೆ. ಹುಡುಗ ತಟ್ಟೆಯನ್ನು ತಳ್ಳಿ, ಇನ್ನು ಮುಂದೆ ತಾನು ಮಾಂಸ ಮುಟ್ಟುವುದಿಲ್ಲ ಎಂದು ಸಾರುತ್ತಾನೆ. ಮನೆಮಂದಿ ನಗುತ್ತಾರೆ. ಅವನು ಊರೆಲ್ಲ ಅಲೆದರೂ ತಿನ್ನಲು ಏನೂ ಸಿಗುವುದಿಲ್ಲ. ಕೊನೆಗೆ ಶಾಲಾ ಬಸ್ಸಿನ ಡ್ರೈವರಾದ ಅವನ ಅಪ್ಪ, ಯಾರಿಗೂ ಕಾಣದಂತೆ ಬಸ್ಸಿನಲ್ಲಿ ಕೂತು ಹಸಿ ಕ್ಯಾರೆಟ್ ಜಗಿದು ನೋಡುತ್ತಾನೆ.

ಮೊದಲ ಸಲ ನಾನು ಇದನ್ನು ನೋಡಿದ್ದು ಅರಸೀಕೆರೆಯಲ್ಲಿ, ಗೆಳತಿಯ ಮನೆಯಲ್ಲಿ. ಅಲ್ಲಿ ವೈಫೈ ಇದೆ. ಅವಳದು ಕೊರಳಲ್ಲಿ ಲಿಂಗ ಧರಿಸುವ, ಮಠಕ್ಕೆ ನಡೆದುಕೊಳ್ಳುವ ಕೊಬ್ಬರಿ ವ್ಯಾಪಾರಿಗಳ ಮನೆತನ. ಮೂರು ವರ್ಷ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಹುಡುಗ ತಟ್ಟೆ ತಳ್ಳಿದಾಗ ಹಿನ್ನೆಲೆಯಲ್ಲಿ ನಗುವಿನ ಅಲೆ ಎದ್ದಿತು. ಗೆಳತಿ ಮಾತ್ರ ನನ್ನ ಮುಖ ನೋಡಿದಳು.

“ಇದ್ರಲ್ಲಿ ತಮಾಷೆ ಏನಿದೆ ಕಣೇ? ತಿನ್ನಲ್ಲ ಅಂದ, ಅಷ್ಟೇ ತಾನೆ?”

“ಅವರ ಕಡೆ ಎಲ್ಲರೂ ತಿಂತಾರೆ. ಬೇಡ ಅನ್ನೋದೇ ವಿಚಿತ್ರ.”

“ಬೇಡ ಅಂತ ಅವನೇ ತೀರ್ಮಾನ ಮಾಡಿದ್ನಾ? ಅಷ್ಟು ಚಿಕ್ಕ ಹುಡುಗ? ನಮ್ಮನೇಲಿ ಯಾರೂ ತೀರ್ಮಾನವೇ ಮಾಡಿಲ್ಲ ನೋಡು. ಹುಟ್ಟಿದ್ವಿ, ತಿನ್ನಲ್ಲ. ಮುಗೀತು.”

ಆ ಮಾತು ನನಗೆ ಬಹಳ ಉಪಯುಕ್ತವಾಯಿತು. ಸಸ್ಯಾಹಾರ ಎಂಬುದು ಈ ಕಂತಿನಲ್ಲಿ ಹುಟ್ಟಿನಿಂದ ಬಂದ ನಡವಳಿಕೆಯಲ್ಲ, ಒಬ್ಬ ಬಾಲಕ ಒಂಟಿಯಾಗಿ ಕೈಗೊಂಡ ನಿರ್ಧಾರ. ಇದನ್ನು ವಿವರಿಸದೆ ಹೋದರೆ ನಮ್ಮವರಿಗೆ ನಗು ಬರುವುದು ಕಷ್ಟ. ಇದೇ ನನ್ನ ಮೊದಲ ಟಿಪ್ಪಣಿಯಾಯಿತು.

ಎರಡನೆಯ ಸಲ ಊರಿನಲ್ಲಿ, ಹಜಾರದಲ್ಲಿ ಅಮ್ಮನ ಪಕ್ಕ ಕೂತು ನೋಡಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಭಾಷೆ ತಿಳಿಯದ ಅವಳಿಗೆ ಮಾತಿನ ಹಂಗಿರಲಿಲ್ಲ. ಆದ್ದರಿಂದ ಚಿತ್ರವನ್ನಷ್ಟೇ ನೋಡುತ್ತಿದ್ದಳು. ಆರನೇ ನಿಮಿಷದಲ್ಲಿ ಮಾಂಸದಂಗಡಿಯ ಮುಂದಿನ ಸಾಲು ಬಂದಾಗ ಥಟ್ಟನೆ ಕೈ ನಿಲ್ಲಿಸಿದಳು.

“ಅಯ್ಯಯ್ಯೋ, ತಾತನ್ನ ತಂದು ಮಾಂಸದಂಗ್ಡಿ ಮುಂದೆ ನಿಲ್ಸವ್ರಲ್ಲ!”

“ಯಾವ ತಾತ?”

“ನೋಟಿನ್ ತಾತ ಕಣೇ. ಕನ್ನಡಕ ನೋಡು. ಪಕ್ಕದಾಗೆ ಮೇಕೆ ಬೇರೆ ಐತೆ.”

ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡಿದೆ. ನಿಜ. ಬೋಳುತಲೆ, ದುಂಡು ಕನ್ನಡಕ, ಕೋಲು, ಹಗ್ಗ ಕಟ್ಟಿದ ಮೇಕೆ. ನಾನು ಆತನನ್ನು ಯಾರೋ ಗಿರಾಕಿ ಎಂದುಕೊಂಡು ದಾಟಿಬಿಟ್ಟಿದ್ದೆ. ಅದೇ ಅಂಗಡಿಯ ಒಳಗೋಡೆಯಲ್ಲಿ ಉದ್ದನೆಯ ಮೇಜಿನ ಒಂದೇ ಬದಿಯಲ್ಲಿ ಕೂತ ಹದಿಮೂರು ಹಸುಗಳ ಪಟವಿತ್ತು. ಅದು ಲೋಕಪ್ರಸಿದ್ಧವಾದ, ಶಿಲುಬೆಗೇರುವ ಹಿಂದಿನ ರಾತ್ರಿಯ ಕಡೆಯ ಭೋಜನದ ಚಿತ್ರದ ಅಣಕವೆಂದು ನನಗೆ ಹೊಳೆದಿತ್ತು. ಅದನ್ನು ಹೇಳಿ ಸ್ವಲ್ಪ ಬೀಗಿಯೂ ಇದ್ದೆ. ಅಮ್ಮ, “ಒಂದೇ ಕಡೆ ಕೂತ್ರೆ ಬಡ್ಸೋರ್ಗೆ ಸಲೀಸು” ಎಂದಷ್ಟೇ ಹೇಳಿದಳು. ಮತ್ತೊಂದು ಸಂಗತಿಯನ್ನೂ ಅವಳೇ ಹಿಡಿದದ್ದು: ಹುಡುಗನಿಗೆ ಹಸಿವಾಗಿರುವಷ್ಟು ಹೊತ್ತೂ ಎಲ್ಲ ಗಡಿಯಾರಗಳೂ ನಾಲ್ಕು ಗಂಟೆಯನ್ನೇ ತೋರಿಸುತ್ತವೆ.

ಹೀಗೆ ಹುಡುಕುವುದು ನನಗೆ ಹೊಸದೇನಲ್ಲ. ಹಳೇಬೀಡಿನ ಶಾಲೆಯಲ್ಲಿ ಓದುವಾಗ, ಬಿಡುವಿನ ವೇಳೆಯಲ್ಲಿ ನಾವು ಗುಡಿಗೆ ಬಂದ ಪ್ರವಾಸಿಗಳ ಹಿಂದೆ ನಡೆದು ಗೈಡುಗಳ ಮಾತು ಕೇಳುತ್ತಿದ್ದೆವು. ಆನೆಗಳ ಸಾಲಿನಲ್ಲಿ ಒಂದು ಆನೆ ಮುಂದಿನ ಆನೆಯ ಬಾಲ ಹಿಡಿದಿರುವುದು, ಹೂಬಳ್ಳಿಯ ಮರೆಯಲ್ಲಿ ಬೆರಳುದ್ದದ ಕೋತಿ ಇರುವುದು, ಇವೆಲ್ಲ ನಮಗೆ ಬಾಯಿಪಾಠ. ಆದರೆ ಇನ್ನೊಂದನ್ನೂ ಆಗ ಗಮನಿಸಿದ್ದೆ. ಪ್ರವಾಸಿ ಯಾವ ಕೆತ್ತನೆಯನ್ನು ತೋರಿಸಿ “ಇದೇನು?” ಎಂದರೂ ಗೈಡಿನ ಬಾಯಲ್ಲಿ “ಗೊತ್ತಿಲ್ಲ” ಎಂಬ ಮಾತು ಬರುತ್ತಿರಲಿಲ್ಲ. ಅರ್ಥವಿಲ್ಲದ ಕಡೆಯಲ್ಲಿಯೂ ಅವನು ಒಂದು ಅರ್ಥವನ್ನು ಇಟ್ಟು ಮುಂದೆ ಸಾಗುತ್ತಿದ್ದ.

ಇನ್ನು ಎಳನೀರಿನ ವಿಷಯ. ಡಿಗ್ರಿಯ ಮೂರು ವರ್ಷಗಳಲ್ಲಿ ಗೆಳತಿ ನಮ್ಮ ಮನೆಗೆ ಹತ್ತಾರು ಸಲ ಬಂದಿದ್ದಾಳೆ. ನಮ್ಮದು ರಾಗಿ, ತೆಂಗು ಬೆಳೆಯುವ ಒಕ್ಕಲು ಮನೆ. ಸೋಮವಾರ ಮತ್ತು ಶ್ರಾವಣವನ್ನು ಬಿಟ್ಟರೆ ಮಾಂಸದ ಅಡುಗೆಗೆ ತಡೆಯಿಲ್ಲ. ಅವಳು ಬಂದಾಗಲೆಲ್ಲ ಅಪ್ಪ ತೋಟದಿಂದ ಎಳನೀರು ಇಳಿಸಿ, ಕೆತ್ತಿ ಅವಳ ಕೈಗೆ ಕೊಡುತ್ತಿದ್ದ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಒಲೆಯ ಮೇಲಿನದನ್ನು, ನಮ್ಮ ಲೋಟದಲ್ಲಿನದನ್ನು ಮುಟ್ಟಲು ಹಿಂಜರಿಯುವ ಅತಿಥಿಗೆ ಎಳನೀರು ಕೊಟ್ಟರೆ ಯಾರಿಗೂ ಮುಜುಗರವಿಲ್ಲ. ಅದರ ಪಾತ್ರೆಯನ್ನು ಮರವೇ ಮಾಡಿಕೊಟ್ಟಿರುತ್ತದೆ. ನಮ್ಮ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು.

ಆದ್ದರಿಂದಲೇ ಇಪ್ಪತ್ತಮೂರನೇ ಟಿಪ್ಪಣಿಯನ್ನು ಹೀಗೆ ಬರೆದೆ: “ಪಕ್ಕದ ಮನೆಯಾಕೆ ಮಾಂಸಾಹಾರಿ. ಹುಡುಗ ಈಗ ಮಾಂಸ ಬಿಟ್ಟವನು. ತನ್ನ ಮನೆಯ ಪಾತ್ರೆಯನ್ನು ಅವನಿಗೆ ಮುಟ್ಟಿಸಬಾರದೆಂಬ ಗೌರವದಿಂದ ಆಕೆ ಎಳನೀರು ಕೊಡುತ್ತಾಳೆ. ಅವನು ಹೊಸಿಲಿನ ಹೊರಗೆ ನಿಂತು ಕುಡಿಯುವುದೂ ಇದೇ ಕಾರಣಕ್ಕೆ.” ವ್ಯಾಕರಣವನ್ನು ಎರಡು ಸಲ ತಿದ್ದಿ ಕಳಿಸಿದೆ.

ಶನಿವಾರ ಮಧ್ಯಾಹ್ನ ಸಂಸ್ಥೆಯಿಂದ ಕರೆ ಬಂತು. ಟಿಪ್ಪಣಿಗಳನ್ನು ಪರಿಶೀಲಿಸುವ ಮಹಿಳೆ. ನಾನು ಎದ್ದು ನಿಂತೇ ಮಾತಾಡಿದೆ.

“ನೋಟಿನ ತಾತ ಬಹಳ ಚೆನ್ನಾಗಿದೆ. ನಮಗೂ ಕಂಡಿರ್ಲಿಲ್ಲ. ಗಡಿಯಾರಾನೂ ಅಷ್ಟೇ. ಆದ್ರೆ ಇಪ್ಪತ್ತಮೂರನೇದು… ಇದು ನಿಮ್ಗೆ ಎಲ್ಲಿ ಸಿಕ್ತು?”

“ಅದು… ಪದ್ಧತಿ, ಮೇಡಂ.”

“ಯಾರ ಪದ್ಧತಿ?”

ಆಕೆ ನಗಲಿಲ್ಲ, ಅದಕ್ಕೆ ನಾನು ಇಂದಿಗೂ ಕೃತಜ್ಞಳು. “ನೋಡಿ, ಆ ಹೆಂಗಸು ಎರಡನೇ ಕಂತಲ್ಲಿ ಯಾವುದೋ ದ್ವೀಪಕ್ಕೆ ಪ್ರವಾಸ ಹೋಗಿ ಒಂದು ಮೂಟೆ ಕಾಯಿ ತರ್ತಾಳೆ. ಆಮೇಲೆ ಯಾರೇ ಬಾಗಿಲು ತಟ್ಟಿದ್ರೂ ಒಂದು ಕಾಯಿ ಕೊಟ್ಟು ಕಳಿಸ್ತಾಳೆ. ಪೋಸ್ಟ್‌ಮ್ಯಾನ್‌ಗೂ ಕೊಟ್ಟಿದಾಳೆ, ಮನೆಗೆ ನುಗ್ಗಿದ ಕಳ್ಳನಿಗೂ ಕೊಟ್ಟಿದಾಳೆ. ಜೋಕು ಅಷ್ಟೇ. ನಿಮಗೆ ಒಂದೇ ಕಂತು ಕಳಿಸಿದ್ವಿ, ಗೊತ್ತಾಗಿಲ್ಲ, ಸರಿ. ಆದ್ರೆ ಗೊತ್ತಿಲ್ಲ ಅಂತ ಬರೆದಿದ್ರೆ ನಾನು ಏನೂ ಕೇಳ್ತಿರ್ಲಿಲ್ಲ. ನೀವು ಖಚಿತವಾಗಿ ಬರೆದಿದೀರಿ. ಸೋಮವಾರ ಸಂಜೆಯೊಳಗೆ ತಿದ್ದಿ ಕಳಿಸಿ. ಯಾಕೆ ಹಾಗೆ ಬರೆದ್ರಿ ಅಂತ ಒಂದು ಸಾಲು ಸೇರಿಸಿ. ಅದನ್ನ ನೋಡಿನೇ ಮೇಲಿನವರು ತೀರ್ಮಾನ ಮಾಡೋದು.”

ಗೈಡು ಮಾಡಿದ ಕೆಲಸವನ್ನೇ ನಾನೂ ಮಾಡಿದ್ದೆ. ಆದರೆ ಅದಕ್ಕಿಂತಲೂ ಹೆಚ್ಚಾಗಿ ಒಂದು ಕುತೂಹಲ ನನ್ನನ್ನು ಕೊರೆಯತೊಡಗಿತು. ಆ ದೇಶದಲ್ಲಿ ಇಲ್ಲದ ಪದ್ಧತಿ, ಸರಿ. ನಮ್ಮಲ್ಲಾದರೂ ಅದು ಇತ್ತೆ? ಅಥವಾ ಅಲ್ಲಿಯೂ ನಾನು ಅರ್ಥವನ್ನು ಇಟ್ಟು ಮುಂದೆ ನಡೆದಿದ್ದೆನೆ? ಆ ದೃಶ್ಯದ ಚಿತ್ರವನ್ನು ಗೆಳತಿಗೆ ಕಳಿಸಿ, ಕರೆ ಮಾಡಿ ವಿಷಯ ಹೇಳಿದೆ.

“ಇದನ್ನ ಎಳನೀರು ಅಂತ ಬರೆದ್ಯಾ?” ಅವಳು ಮೊದಲು ಕೇಳಿದ್ದೇ ಇದು. “ಕಣ್ಣು ಎಲ್ಲಿಟ್ಟಿದ್ದೆ? ಕಂದು ಬಣ್ಣ, ಮೇಲೆ ನಾರು. ಸುಲಿದ ಕಾಯಿ ಕಣೇ ಇದು! ಚಟ್ನಿಗೆ ಹಾಕೋ ಕಾಯಿ. ಅದಕ್ಕೆ ಕೊಳವೆ ಚುಚ್ಚಿ ಕೊಟ್ಟಿದಾರೆ. ನಮ್ಮ ಕೊಬ್ಬರಿ ಮಂಡಿಯವರು ಯಾರಾದ್ರೂ ನೋಡಿದ್ರೆ ನಿನ್ನ ಡಿಗ್ರಿ ವಾಪಸ್ ಕಸ್ಕೋತಾರೆ.”

ನೋಡಿದೆ. ಹೌದು. ತೆಂಗಿನ ತೋಟದಲ್ಲೇ ಬೆಳೆದ ನಾನು ಐದಾರು ಸಲ ನೋಡಿಯೂ ಸುಲಿದ ಕಾಯಿಯನ್ನು ಎಳನೀರೆಂದು ಬರೆದಿದ್ದೆ. ಪರದೆಯಲ್ಲಿ ನಾನು ನೋಡುತ್ತಿದ್ದುದು ನಮ್ಮ ಮನೆಯ ಜಗಲಿಯನ್ನು.

“ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡ,” ಎಂದೆ. “ನಮ್ಮನೇಲಿ ನೀನು ಯಾವತ್ತೂ ಯಾಕೆ ಊಟ ಮಾಡ್ಲಿಲ್ಲ?”

“ಯಾರು ಕರೆದ್ರು? ಬಂದ ತಕ್ಷಣ ನಿಮ್ಮಪ್ಪ ಮಚ್ಚು ತಗೊಂಡು ತೋಟಕ್ಕೆ ಹೋಗೋರು. ನಂಗೆ ಎಳನೀರು ಅಂದ್ರೆ ಶೀತ ಕಣೇ. ಜಾವಗಲ್ ದಾಟೋಷ್ಟ್ರಲ್ಲಿ ಸೀನು ಶುರುವಾಗೋದು. ಬಸ್ಸಲ್ಲಿ ಹೊಟ್ಟೆ ಹಸೀತಾ ಇರೋದು, ಮೂಗು ಸುರೀತಾ ಇರೋದು.”

ಅಮ್ಮ ಪಕ್ಕದಲ್ಲೇ ಇದ್ದಳು. ಫೋನು ಸ್ಪೀಕರಿನಲ್ಲಿತ್ತು. ಕೇಳಿ ಅವಳ ಮುಖ ಸಣ್ಣದಾಯಿತು.

“ಅಲ್ಲ ಕಣವ್ವ, ನೀವು ಉಣ್ಣಾದಿಲ್ಲ ಅಂತ ನಾವೆಂಗೆ ಕರೆಯಾದು? ಕರೆದು, ನೀನು ಬ್ಯಾಡ ಅಂದ್ರೆ ನಿಂಗೂ ಬ್ಯಾಸರ, ನಮ್ಗೂ ಬ್ಯಾಸರ. ಅದ್ಕೇ ಬಾಯಿಗ್ ಬರಾಕ್ ಮುಂಚೆ ಎಳನೀರ್ ಕೊಟ್ಬಿಡ್ತಿದ್ವಿ.”

“ನಾನು ಬೇಡ ಅಂತಿರ್ಲಿಲ್ಲ ಅಮ್ಮ.”

“ಈಗ್ಲೂ ಅನ್ನಾದಿಲ್ವಾ? ಹಂಗಾರೆ ಸ್ವಾಮಾರ ಬಾ. ಸ್ವಾಮಾರ ನಮ್ಮನೇಲೂ ನೀನು ಉಣ್ಣಾ ಅಡಿಗೇನೇ ಇರಾದು.”

ಸೋಮವಾರ ಅವಳು ಅರಸೀಕೆರೆಯಿಂದ ಬಂದಳು. ಮುಂಚಿನ ಕಂತುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ತಂದಿದ್ದಳು. ಅಪ್ಪ ಅಭ್ಯಾಸಬಲದಿಂದ ಮಚ್ಚಿಗೆ ಕೈ ಹಾಕಿದ. ಅಮ್ಮ, “ಮಡಗ್ರೀ ಅತ್ಲಾಗೆ, ಅವಳ್ಗೆ ಸೀನು ಬತ್ತದಂತೆ” ಎಂದಳು. ಅಪ್ಪ ಮಚ್ಚನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಅತಿಥಿಗೆ ಬೇರೇನು ಮಾಡಬೇಕೆಂದು ಅವನಿಗೆ ಹೊಳೆದಂತೆ ಕಾಣಲಿಲ್ಲ.

ಎರಡನೇ ಕಂತನ್ನು ನೋಡಿದೆವು. ಹೆಂಗಸು ಮೂಟೆಯೊಂದಿಗೆ ಬಂದಿಳಿಯುತ್ತಾಳೆ; ಮೇಡಂ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಊಟಕ್ಕೆ ಅಮ್ಮ ಮುದ್ದೆ, ಅವರೆಕಾಳಿನ ಸಾರು ಮಾಡಿದ್ದಳು. ಬಡಿಸುವಾಗ, ಯಾರೂ ಕೇಳದಿದ್ದರೂ, “ಪಾತ್ರೆ ಹೊಸದು ಕಣವ್ವ” ಎಂದಳು. ಗೆಳತಿ ತಲೆಯಾಡಿಸಿ, ಮುದ್ದೆ ಮುರಿದು ಸಾರಿಗೆ ಅದ್ದಿದಳು. ಇನ್ನರ್ಧ ಮುದ್ದೆ ಹಾಕಿಸಿಕೊಂಡಳು. ಅಮ್ಮನ ಮುಖ ಆಗ ಸಡಿಲವಾಯಿತು.

ಊಟವಾದ ಮೇಲೆ ನಾನು ಜಗಲಿಯಲ್ಲಿ ಕೂತು ಟಿಪ್ಪಣಿ ತಿದ್ದಿದೆ. “ಸರಣಿಯ ಎರಡನೇ ಕಂತಿನಿಂದ ಮುಂದುವರಿಯುವ ಹಾಸ್ಯ. ಈಕೆ ಬಾಗಿಲಿಗೆ ಬಂದ ಎಲ್ಲರಿಗೂ ತೆಂಗಿನಕಾಯಿ ಕೊಡುತ್ತಾಳೆ.” ಇಷ್ಟು ಸುಲಭವಾಗಿ ಮುಗಿಯಿತು. ಕಾರಣದ ಸಾಲಿನಲ್ಲಿ, “ಮೊದಲು ಬರೆದದ್ದು ನನ್ನ ತಪ್ಪು ಕಲ್ಪನೆ, ಅಂತಹ ಪದ್ಧತಿ ಎಲ್ಲಿಯೂ ಇಲ್ಲ” ಎಂದು ಬರೆದು, ಗೆಳತಿಗೆ ಓದಿ ಹೇಳಿದೆ. ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು.

“ಎಲ್ಲಿಯೂ ಇಲ್ಲ ಅಂತ ಬರೀಬೇಡ.”

“ಯಾಕೆ?”

“ನಾನು ನಿಮ್ಮನೆಗೆ ಬಂದು ಹೋದಾಗೆಲ್ಲ ನಮ್ಮಜ್ಜಿ ಕೇಳೋರು, ಅಲ್ಲೇನು ತಗೊಂಡೆ ಅಂತ. ಎಳನೀರು ಅಂತಿದ್ದೆ. ಸುಮ್ಮನಾಗೋರು.”

“ಇವತ್ತು ಕೇಳಿದ್ರೆ?”

“ಕೇಳೇ ಕೇಳ್ತಾರೆ.” ಅವಳು ಒಮ್ಮೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. “ಎಳನೀರು ಅಂತೀನಿ.”

ಅವಳನ್ನು ಬಸ್ಸು ಹತ್ತಿಸಿ ಬಂದ ಮೇಲೆ ಕಾರಣದ ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ ಹೀಗೆ ಬರೆದೆ: “ಈ ಪದ್ಧತಿ ಕಂತಿನದ್ದಲ್ಲ, ನಮ್ಮ ಕಡೆಯದು. ಕಂತಿನಲ್ಲಿ ಅದಿದೆಯೇ ಎಂದು ನೋಡದೆ ಬರೆದೆ. ಇನ್ನು ಮುಂದೆ ತಿಳಿಯದ ಕಡೆ ತಿಳಿಯದು ಎಂದು ಬರೆಯುತ್ತೇನೆ.” ವ್ಯಾಕರಣವನ್ನು ಒಂದೇ ಸಲ ನೋಡಿ ಕಳಿಸಿದೆ.

ಬುಧವಾರ ಉತ್ತರ ಬಂತು. ಟಿಪ್ಪಣಿಗಳು ಒಪ್ಪಿಗೆಯಾಗಿದ್ದವು, ಜೊತೆಗೆ ಮೊದಲ ಕಂತನ್ನು ಲಗತ್ತಿಸಿದ್ದರು. ಹಜಾರದಲ್ಲಿ ಅಮ್ಮನ ಪಕ್ಕ ಕೂತು ಅದನ್ನು ತೆರೆದೆ. ಮೊದಲ ದೃಶ್ಯದಲ್ಲೇ, ಮನೆಯ ಗೋಡೆಯ ಮೇಲೆ, ಮೀನಿನ ತಲೆಯ ಮುದುಕನೊಬ್ಬನ ಪಟವಿತ್ತು. ಅಮ್ಮ “ಇದ್ಯಾರು?” ಎಂದಳು.

“ಗೊತ್ತಿಲ್ಲ,” ಎಂದೆ. ಪಟ್ಟಿಯ ಮೊದಲನೆಯ ಸಾಲಿನಲ್ಲಿ ಅದನ್ನೇ ಬರೆದೆ.