ಮೊರದ ಅಕ್ಕಿಯಲ್ಲಿ ಹೋದ ಬುಗುಡಿ

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನ್ಯಾಮತಿಯಲ್ಲಿ ಅಕ್ಕಿಗೂ ಸೀಮೆಎಣ್ಣೆಗೂ ಪರದಾಟ. ಆ ವರ್ಷದ ಕಾರ್ತಿಕದಲ್ಲಿ ನನಗೆ ಚೊಚ್ಚಲ ಹೆರಿಗೆಯಾಯಿತು. ಜಗಳೂರಿನ ತವರಿನಲ್ಲಿ ನನ್ನವ್ವ ತೀರಿಹೋಗಿದ್ದರಿಂದ ಬಾಣಂತನವೆಲ್ಲ ಗಂಡನ ಮನೆಯಲ್ಲೇ.

ಮಗು ಕಾಲು ಮುಂದಾಗಿ ಬರುತ್ತಿತ್ತು. ಊರ ಸೂಲಗಿತ್ತಿ ಕೈಚೆಲ್ಲಿದ ಮೇಲೆ ನಮ್ಮ ಯಜಮಾನರು ಓಡಿಹೋಗಿ ಸಾರಮ್ಮನವರನ್ನು ಕರೆತಂದರು. ಸಾರಮ್ಮ ಕ್ರೈಸ್ತರು, ಗಂಡನನ್ನು ಕಳೆದುಕೊಂಡವರು, ಮಿಷನ್ ಆಸ್ಪತ್ರೆಯೊಂದರಲ್ಲಿ ಹೆರಿಗೆ ಕೆಲಸ ಕಲಿತು ಬಂದವರು. ಅವರ ರೀತಿಯೇ ಬೇರೆ. ಯಾರ ಮನೆಗೇ ಹೋಗಲಿ, ಮೊದಲು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ, ಪಕ್ಕದಲ್ಲಿರುವವರೊಡನೆ ಮಾತಾಡುವ ಹಾಗೆ ದೇವರ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದರು.

"ಇಲ್ಲಿ ಹುಡುಗಿ ಜೀವ ಹೋಗ್ತೈತೆ, ಇವ್ಳು ಮಾತಾಡ್ಕಂತ ನಿಂತವ್ಳೆ" ಎಂದು ನಮ್ಮ ಅತ್ತೆ ಸಿಡುಕಿದ್ದು ಆ ನೋವಿನಲ್ಲೂ ನನಗೆ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಮಗುವೂ ಉಳಿಯಿತು, ನಾನೂ ಉಳಿದೆ.

ಐದನೇ ದಿನ ಮಗುವನ್ನು ಮೊರದಲ್ಲಿ ಮಲಗಿಸುವ ಶಾಸ್ತ್ರ. ಮೊರಕ್ಕೆ ಅಕ್ಕಿ ಹರಡಿ, ಮೇಲೆ ಬಟ್ಟೆ ಹಾಸಿ ಮಲಗಿಸುತ್ತಾರೆ. ಆಮೇಲೆ ಆ ಅಕ್ಕಿ ಹೆರಿಗೆ ಮಾಡಿಸಿದವರಿಗೆ ಸೇರುತ್ತದೆ. ನಮ್ಮ ತವರಿನಲ್ಲಿ ಅಕ್ಕಿಯೊಳಗೆ ಒಂದು ಚಿನ್ನದ ಒಡವೆಯನ್ನೂ ಇಡುತ್ತಿದ್ದರು. ಕೂಸು ಚಿನ್ನದ ಮೇಲೆ ಮಲಗಬೇಕು ಎಂದು ಅವ್ವ ಹೇಳುತ್ತಿದ್ದಳು. ಅತ್ತೆಯ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಕೇಳಿದರೆ "ನಿಮ್ಮ ಜಗಳೂರಿಂದು ಇಲ್ಲಿ ಬ್ಯಾಡ" ಅನ್ನುತ್ತಾರೆಂದು ಹೆದರಿ, ಮದುವೆಯಲ್ಲಿ ಅತ್ತೆಯೇ ಕೊಟ್ಟಿದ್ದ ಬುಗುಡಿಯನ್ನು ಒಂದು ಕಿವಿಯಿಂದ ಬಿಚ್ಚಿ ಗುಟ್ಟಾಗಿ ಅಕ್ಕಿಯಲ್ಲಿ ಹುದುಗಿಸಿದೆ. ಆಮೇಲೆ ತೆಗೆದುಕೊಂಡರಾಯಿತು ಎಂದುಕೊಂಡವಳಿಗೆ ಬಾಣಂತಿ ನಿದ್ದೆ ಎಳೆಯಿತು. ಎದ್ದು ನೋಡಿದರೆ ಮೊರ ಖಾಲಿ. ಅತ್ತೆ ಅಕ್ಕಿಯನ್ನೆಲ್ಲ ಸಾರಮ್ಮನವರ ಸೆರಗಿಗೆ ಸುರಿದು ಕಳಿಸಿಬಿಟ್ಟಿದ್ದರು.

ಮರುದಿನ ಸಾರಮ್ಮ ಮಗುವಿಗೆ ನೀರು ಹಾಕಲು ಬಂದಾಗ ಮೆಲ್ಲಗೆ ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ನನ್ನ ಬೋಳು ಕಿವಿ ನೋಡಿಬಿಟ್ಟರು.

"ಇನ್ನೊಂದು ಬುಗುಡಿ ಎಲ್ಲಿ?"

"ಗೊತ್ತಿಲ್ಲ ಅತ್ತೆ" ಅಂದೆ. ಅದೊಂದೇ ಮಾತು. ಅದರಿಂದಲೇ ಎಲ್ಲ ಹಾಳಾಯಿತು.

ಬಾಣಂತಿ ಕೋಣೆಗೆ ಬಂದು ಹೋಗುತ್ತಿದ್ದ ಹೊರಗಿನವರು ಸಾರಮ್ಮ ಒಬ್ಬರೇ. ಮರುದಿನ ಗೋವಿನಕೋವಿಯಿಂದ ನಮ್ಮ ಯಜಮಾನರ ಸೋದರಮಾವ ಬಂದರು. ಸಾರಮ್ಮನವರನ್ನು ಪಡಸಾಲೆಯಲ್ಲಿ ನಿಲ್ಲಿಸಿ ಕೇಳಿದರು. ನಮ್ಮ ಕಡೆ ಇಂಥದಕ್ಕೆ ದೇವರ ಮುಂದೆ ಕರ್ಪೂರ ಹಚ್ಚಿ ಆರಿಸಿ ಪ್ರಮಾಣ ಮಾಡುವುದು ರೂಢಿ. ಪ್ರಮಾಣ ಮಾಡಿದರೆ ಮುಗಿಯಿತು, ಆಮೇಲೆ ಯಾರೂ ಸೊಲ್ಲೆತ್ತುವಂತಿಲ್ಲ.

"ನಮ್ಮ ದೇವರು ಬ್ಯಾಡ ಅಂದ್ರೆ ಬ್ಯಾಡ. ನಿಮ್ಮ ಪುಸ್ತಕದ ಮೇಲೇ ಕೈ ಇಟ್ಟು ಆಣೆ ಮಾಡು" ಎಂದರು ಮಾವ.

"ಆಣೆ ಇಡಬ್ಯಾಡ್ರಿ ಅಂತ ಹೇಳಿರೋದೇ ಆ ಪುಸ್ತಕದಾಗೆ ರೀ" ಎಂದರು ಸಾರಮ್ಮ. "ನಾನು ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಬುಗುಡಿ ನಾನು ತಗಂಡಿಲ್ಲ, ನಮ್ಮನೆಯಾಗೆ ಇಲ್ಲ. ಇದರ ಮ್ಯಾಲೆ ಹೇಳಾಕೆ ಏನೂ ಇಲ್ಲ."

ನಾನು ಕೋಣೆಯೊಳಗೆ ಹೊರಸಿನ ಮೇಲೆ ಮಲಗಿ ಎಲ್ಲ ಕೇಳುತ್ತಿದ್ದೆ. ಎದ್ದು ಹೋಗಿ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಸುಳ್ಳು ಹೇಳಿದ್ದು ಗೊತ್ತಾದರೆ ಅತ್ತೆ ಏನಂದಾರೋ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಈಗ ಹೇಳಲು ನಾಚಿಕೆಯಾಗುತ್ತದೆ, ಅಕ್ಕಿಯಲ್ಲಿ ಇಷ್ಟು ಹೊತ್ತಿಗೆ ಸಿಕ್ಕೇ ಇರುತ್ತದೆ, ಆಕೆಯೇ ಮುಚ್ಚಿಟ್ಟುಕೊಂಡಿದ್ದಾಳೆ ಎಂದು ನಾನೂ ನಂಬಿಬಿಟ್ಟೆ. ನನ್ನ ಜೀವ ಉಳಿಸಿದವರ ಬಗ್ಗೆ!

ಆಣೆ ಇಡಲಿಲ್ಲ ಅಂದ ಮೇಲೆ ಕದ್ದವಳು ಅವಳೇ ಎಂದು ಊರು ತೀರ್ಮಾನಿಸಿತು. ಅವರನ್ನು ಹೆರಿಗೆಗೆ ಕರೆಯುವುದು ನಿಂತುಹೋಯಿತು. ನನ್ನ ಮಗುವಿಗೆ ಅತ್ತೆಯೇ ನೀರು ಹಾಕತೊಡಗಿದರು. ಹೊನ್ನಾಳಿಯವರೆಗೂ ಸುದ್ದಿ ಮುಟ್ಟಿತ್ತು ಎಂದು ಆಮೇಲೆ ತಿಳಿಯಿತು.

ತಿಂಗಳು ಕಳೆಯಿತು. ಒಂದು ಸಂತೆಯ ದಿನ, ಮನೆಯ ಮುಂಭಾಗದಲ್ಲೇ ಇದ್ದ ನಮ್ಮ ಯಜಮಾನರ ದಿನಸಿ ಅಂಗಡಿ ಜನರಿಂದ ತುಂಬಿತ್ತು. ಸಾರಮ್ಮ ನೇರವಾಗಿ ಬಂದು ಜಗಲಿಯ ಕೆಳಗೆ ನಿಂತು ಅಂಗೈ ಬಿಚ್ಚಿದರು. ಬುಗುಡಿ!

"ಇದು ನಮ್ಮನೆಯಾಗೇ ಇತ್ತು ರೀ. ಆ ಅಕ್ಕೀನ ಕ್ರಿಸ್ಮಸ್ ಹಬ್ಬಕ್ಕೆ ಅಂತ ಎತ್ತಿಟ್ಟಿದ್ದೆ. ಇವತ್ತು ಕೇರುವಾಗ ಸಿಕ್ತು" ಎಂದರು.

ಯಾರೋ ನಕ್ಕರು. "ಅದಕ್ಕೇ ಅಲ್ವ ಆವತ್ತು ಆಣೆ ಇಡದೇ ಹೋಗಿದ್ದು!" ಎಂದರು ಅತ್ತೆ. "ಈಗ ಹೆದರಿಕೆಯಾಗಿ ತಂದಾಳೆ."

ಸಾರಮ್ಮನವರ ಮುಖ ಕೆಂಪಾಯಿತು. ಆದರೂ ಅಲ್ಲಿಂದ ಕದಲಲಿಲ್ಲ. "ನೀವು ಹಿಂಗೇ ಅಂತೀರಿ ಅಂತ ಗೊತ್ತಿತ್ತು ಅಮ್ಮಾರೇ. ಆದ್ರೆ ನಮ್ಮನೆಯಾಗೆ ಇಲ್ಲ ಅಂತ ಎಲ್ಲರ ಮುಂದೆ ಅಂದಿದ್ದೆ. ಗೊತ್ತಿಲ್ದೆ ಅಂದಿದ್ರೂ ಆ ಮಾತು ತಪ್ಪಾಯ್ತು. ತಿದ್ದಾಕೆ ಎಲ್ಲರ ಮುಂದೇನೇ ಬರಬೇಕಲ್ರೀ."

ಹಿತ್ತಿಲಲ್ಲಿ ಎಸೆದು ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾವಿಗೆ ಹಾಕಿದ್ದರೂ ಕೇಳುವವರಿರಲಿಲ್ಲ. ಗೊತ್ತಿಲ್ಲದೆ ಆಡಿದ ಒಂದು ಮಾತಿಗಾಗಿ ಆಕೆ ಉಳಿದಿದ್ದ ಮಾನವನ್ನೂ ಕಳೆದುಕೊಳ್ಳಲು ಬಂದು ನಿಂತಿದ್ದರು. ನಾನೋ, ಗೊತ್ತಿದ್ದೂ ಗೊತ್ತಿಲ್ಲ ಅಂದವಳು. ಮಗುವನ್ನೆತ್ತಿಕೊಂಡು, ಬಾಣಂತಿ ಎನ್ನುವುದನ್ನೂ ಮರೆತು, ಅಷ್ಟು ಗಂಡಸರ ಮುಂದೆ ಜಗಲಿಗೆ ಬಂದುಬಿಟ್ಟೆ.

"ಅಕ್ಕಿಯಾಗೆ ಇಟ್ಟವಳು ನಾನೇ ಅತ್ತೆ. ಗೊತ್ತಿಲ್ಲ ಅಂತ ಸುಳ್ಳು ಹೇಳಿದೆ. ಅವರದೇನೂ ತಪ್ಪಿಲ್ಲ."

ನಮ್ಮ ಯಜಮಾನರು ತೂಗುತ್ತಿದ್ದ ತಕ್ಕಡಿ ಕೆಳಗಿಟ್ಟರು. ಅತ್ತೆ ನನ್ನನ್ನೇ ನೋಡಿದರು. ನಾನು ಜಗಲಿ ಇಳಿದು ಸಾರಮ್ಮನವರ ಕಾಲು ಮುಟ್ಟಲು ಬಾಗಿದೆ. ಅವರು ತಟ್ಟನೆ ಹಿಂದೆ ಸರಿದು ಮಗುವನ್ನು ನನ್ನ ಕೈಯಿಂದ ತಗೊಂಡರು.

"ಈ ಚಳಿಯಾಗೆ ಕೂಸಿನ ತಲೆಗೆ ಕುಲಾವಿ ಇಲ್ದೆ ಕರ್ಕಂಬಂದೀಯಲ್ಲ ತಾಯಿ, ಒಳಗೆ ನಡಿ" ಎಂದು ಗದರಿದರು. ಅವರು ನನ್ನನ್ನು ಬೈದದ್ದು ಅಷ್ಟೇ. ಅಂದೂ, ಮುಂದೆಂದೂ ನನ್ನ ಸುಳ್ಳಿನ ಮಾತೆತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆಯೂ ಒಳಗೆ ಬಂದರು. "ನಾಳೆಯಿಂದ ಕೂಸಿಗೆ ನೀರು ಹಾಕಾಕೆ ಬಾರವ್ವ" ಎಂದು ಸಾರಮ್ಮನವರಿಗೆ ಹೇಳಿ, ಅಂಗಡಿಯಿಂದ ಬೆಲ್ಲ ತರಿಸಿ ಹಬ್ಬಕ್ಕೆಂದು ಅವರ ಸೆರಗಿಗೆ ಹಾಕಿದರು. ಆ ವಾರವೇ ಗೋವಿನಕೋವಿಯ ಸೋದರಮಾವನಿಗೂ ನಿಜ ಸಂಗತಿ ಹೇಳಿಕಳಿಸಿದರು.

ನನ್ನ ಇನ್ನೂ ಮೂರು ಹೆರಿಗೆಗಳನ್ನು ಸಾರಮ್ಮನವರೇ ಮಾಡಿಸಿದರು. ಮೂರು ಸಲವೂ ಎಲ್ಲರೆದುರಿಗೇ, ಅತ್ತೆ ತಮ್ಮ ಕೈಯಾರೆ ಮೊರದ ಅಕ್ಕಿಯಲ್ಲಿ ಬುಗುಡಿ ಇಟ್ಟರು. ಅಕ್ಕಿ ಸೆರಗಿಗೆ ಬೀಳುವ ಮೊದಲು ಸಾರಮ್ಮ ಅದನ್ನು ಹುಡುಕಿ ತೆಗೆದು, ಮೇಲೆತ್ತಿ ತೋರಿಸಿ, "ಸಿಕ್ತು ನೋಡ್ರಿ, ಎಲ್ಲರೂ ನೋಡ್ಕಳ್ರಿ" ಎಂದು ನಗುತ್ತಿದ್ದರು. ಮನೆಮಂದಿಯೆಲ್ಲ ನಗುತ್ತಿದ್ದೆವು. ಆ ನಗುವಿಗೆ ನಾನು ಯೋಗ್ಯಳಾಗಿರಲಿಲ್ಲ. ಆದರೂ ಅವರು ನನ್ನನ್ನು ಅದರಲ್ಲಿ ಸೇರಿಸಿಕೊಂಡರು.